ಸುಳ್ಳು ಮೂಟೆ ಮತ್ತು ಎರಡು ಸೆಕೆಂಡು

ಆ ಭಾನುವಾರ ಬೆಳಗ್ಗೆ ಗುಂಡ್ಲುಪೇಟೆಯ ಅಪ್ಪನ ಮನೆಯ ನಡುಮನೆಯಲ್ಲಿ ಮೂರು ಜನ ಕೂತಿದ್ದೆವು. ಒಬ್ಬಳು ನಾನು. ಇನ್ನೊಬ್ಬಳು ಹರವೆಯ ಹುಡುಗಿ. ಚಾಮರಾಜನಗರದ ಕಾಲೇಜಿನಲ್ಲಿ ನಾನು ನೋಡಿಕೊಳ್ಳುವ ಕಂಪ್ಯೂಟರ್ ಲ್ಯಾಬಿನಲ್ಲೇ ಅವಳೂ ಕೆಲಸ ಮಾಡುತ್ತಾಳೆ, ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಮೂರನೆಯವನು ಅಪ್ಪ, ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದ. ಅವ್ವ ಒಲೆಯ ಮುಂದೆ ಇದ್ದಳು. ಆದರೆ ಅವಳ ಕಿವಿ ನಮ್ಮ ಜೊತೆಯಲ್ಲೇ ಇದ್ದದ್ದರಿಂದ ಮೂರೂವರೆ ಜನ ಅಂತ ಬರೆದರೂ ತಪ್ಪಿಲ್ಲ.

ಹುಡುಗಿ ಕಾಫಿ ಮುಟ್ಟಿರಲಿಲ್ಲ. ಫೋನು ಕೈಯಲ್ಲಿ ಹಿಡಿದುಕೊಂಡು ಒಂದೇ ಇ-ಮೇಲನ್ನು ಮೇಲೆ ಕೆಳಗೆ ಸರಿಸುತ್ತಿದ್ದಳು. ರಾತ್ರಿ ಬಂದಿದ್ದ ಮೇಲು. ಬೆಳಗ್ಗೆ ಎದ್ದವಳು ನನಗೆ ಫೋನು ಮಾಡಿ, ನಾನು ತವರಿನಲ್ಲಿದ್ದೇನೆ ಅಂದದ್ದೇ ತಡ, ಬಸ್ಸು ಹತ್ತಿಬಿಟ್ಟಿದ್ದಳು.

"ಯಾಕ ಕಣಮ್ಮಿ ಈ ಕೂಸು ಇಂಗ ಕೂತದ? ಮನೇಲಿ ಯಾರ್ಗಾರ ಉಷಾರಿಲ್ವಾ?" ಅಂದ ಅಪ್ಪ.

"ಅದಲ್ಲ ಕಣಪ್ಪ. ಇವಳು ಬರೆದ ಟೆಸ್ಟನ್ನ ಕಿತ್ತಾಕ್ತೀವಿ ಅಂತ ಬರ್ದವ್ರೆ."

"ಕಿತ್ತಾಕ್ಲಿ ಬುಡು. ನಮ್ಮ ಕಾಲದಲ್ಲಿ ಟೆಸ್ಟ್ ಇಲ್ಲ ಅಂದ್ರ ಐಕ್ಳು ಕುಣ್ದಾಡೋವು."

ಹುಡುಗಿಗೆ ನಗು ಬರಲಿಲ್ಲ. ಹಾಗಾಗಿ ನಾನೂ ನಗಲಿಲ್ಲ.

ಆ ಟೆಸ್ಟು ಎಂಥದ್ದು ಅಂತ ಇಲ್ಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ, ನಮ್ಮ ಕೈಯ ಫೋನಿನಲ್ಲಿ, ಕಂಡಕ್ಟರ್ ಹಿಡಿದಿರುವ ಟಿಕೆಟ್ ಮಿಷಿನ್ನಿನಲ್ಲೂ, ಎಲ್ಲಕ್ಕೂ ಅಡಿಯಲ್ಲಿ ಒಂದು ಪ್ರೋಗ್ರಾಂ ಓಡುತ್ತಿರುತ್ತದೆ. ಯಾರಿಗೆ ಎಷ್ಟು ಮೆಮೊರಿ, ಯಾರ ಸರದಿ ಮೊದಲು ಅಂತ ಹಂಚಿಕೊಡುವ ಮನೆಯ ಹಿರಿಯನಂಥದ್ದು. ಅದಕ್ಕೆ ಕರ್ನಲ್ ಅಂತ ಹೆಸರು. ನಾನು ಹೇಳುತ್ತಿರುವ ಕರ್ನಲ್ ಯಾರೊಬ್ಬರ ಸ್ವತ್ತೂ ಅಲ್ಲ. ಲೋಕದಲ್ಲಿ ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಬರೆದು ಮೇಲಿನಲ್ಲಿ ಕಳಿಸಬಹುದು. ಆ ತಿದ್ದುಪಡಿಗೆ ಪ್ಯಾಚ್ ಅನ್ನುತ್ತೇವೆ. ದಿನಬೆಳಗಾದರೆ ಪ್ಯಾಚುಗಳು ರಾಶಿ ಬೀಳುತ್ತವೆ. ನಿನ್ನೆ ಸರಿಯಿದ್ದದ್ದು ಇವತ್ತು ಯಾರದೋ ಕೈ ತಾಗಿ ಕೆಟ್ಟರೆ ಗೊತ್ತಾಗಬೇಕಲ್ಲ, ಅದಕ್ಕೆ ಅಂತಲೇ ಸಣ್ಣ ಸಣ್ಣ ಪರೀಕ್ಷೆಯ ಪ್ರೋಗ್ರಾಂಗಳಿವೆ. ಅವನ್ನು ಓಡಿಸಲು ಮನುಷ್ಯರು ಬೇಕಿಲ್ಲ. ಎಲ್ಲೆಲ್ಲೋ ಇರುವ ಮಿಷಿನ್ನುಗಳು ತಾವೇ ಓಡಿಸಿ, ಪಾಸ್, ಫೇಲ್ ಅಂತ ವರದಿ ಕಳಿಸುತ್ತವೆ.

ಅಂಥ ಒಂದು ಪರೀಕ್ಷೆ ನಮ್ಮ ಹುಡುಗಿ ಬರೆದದ್ದು. ಮೂರು ತಿಂಗಳು ಕೂತು ಬರೆದು, ಐದು ಸಲ ತಿದ್ದಿ ಕಳಿಸಿ, ಕೊನೆಗೆ ಆ ಭಾಗದ ಉಸ್ತುವಾರಿ ನೋಡುವವರು ಒಪ್ಪಿ ಸೇರಿಸಿಕೊಂಡಿದ್ದರು. ಫೈಲಿನ ಮೊದಲ ಸಾಲಿನಲ್ಲೇ ಅವಳ ಹೆಸರಿತ್ತು. ಅವಳವ್ವ ಅರಿಶಿನದ ಹೊಲದಿಂದ ಬಂದವಳು ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಫೋನಿನ ಗಾಜಿನ ಮೇಲೆ ಬೆರಳಿಟ್ಟು "ಇದಾ ನಿನ್ನೆಸ್ರು?" ಅಂತ ಕೇಳಿದ್ದಳಂತೆ. ಈಗ ಅದೇ ಉಸ್ತುವಾರಿಯವರ ಮೇಲು: ನಿಮ್ಮ ಪರೀಕ್ಷೆ ಒಮ್ಮೆ ಪಾಸ್ ಅನ್ನುತ್ತದೆ, ಒಮ್ಮೆ ಫೇಲ್ ಅನ್ನುತ್ತದೆ. ಫೇಲ್ ಅಂದಾಗ ಹೋಗಿ ನೋಡಿದರೆ ಕರ್ನಲಿನಲ್ಲಿ ಏನೂ ತಪ್ಪಿರುವುದಿಲ್ಲ. ಎಲ್ಲರ ಹೊತ್ತು ಹಾಳಾಗುತ್ತಿದೆ. ಎರಡು ವಾರದೊಳಗೆ ಸರಿ ಮಾಡಿ ಕಳಿಸಿ, ಇಲ್ಲವಾದರೆ ತೆಗೆದುಬಿಡುತ್ತೇನೆ.

ಮರ್ಯಾದೆಯಿಂದಲೇ ಬರೆದಿದ್ದರು. ಅದಕ್ಕೇ ಇನ್ನೂ ಸಂಕಟ. ಜಗಳ ಆಡೋಣ ಅಂದರೆ ಜಾಗ ಇಲ್ಲ.

"ಏನ ನೋಡ್ತದ ಅದು, ನಿಮ್ಮ ಟೆಸ್ಟು?" ಅಂದ ಅಪ್ಪ.

"ಒಂದು ರೇಷನ್ ಕಾರ್ಡು ಅನ್ಕೊ," ಅಂದೆ ನಾನು. "ಒಂದು ಮನೆಗೆ ಇಷ್ಟು ಅಂತ ಅಕ್ಕಿ. ಕರ್ನಲ್ಲೂ ಹಂಗೇ, ಒಂದು ಗುಂಪಿಗೆ ಇಷ್ಟು ಅಂತ ಮೆಮೊರಿ ಕೊಡ್ತದೆ. ಗುಂಪಲ್ಲಿ ಯಾರಾದ್ರೂ ಸತ್ರೆ ಅವರ ಪಾಲು ಕಾರ್ಡಿಂದ ಕಳೀಬೇಕಲ್ವಾ? ಕಳೆದ್ರಾ ಇಲ್ವಾ ಅಂತ ನೋಡೋದು ಇವಳ ಟೆಸ್ಟು. ತಾನೇ ಒಂದು ಪ್ರೋಗ್ರಾಂ ಹುಟ್ಟಿಸ್ತದೆ, ಚೆನ್ನಾಗಿ ಉಣ್ಣಿಸ್ತದೆ, ಸಾಯಿಸ್ತದೆ, ಎರಡು ಸೆಕೆಂಡು ಬಿಟ್ಟು ಕಾರ್ಡು ನೋಡ್ತದೆ."

"ಎರಡು ಸೆಕೆಂಡು," ಅಂದ ಅಪ್ಪ, ಒಂದು ಕಾಯಿ ಬಿಡಿಸುತ್ತ. "ನಿಮ್ಮಜ್ಜಿ ಎಸ್ರ ಕಾರ್ಡಿಂದ ತೆಗ್ಸಕ್ಕ ನಾನು ಎರಡು ವರ್ಷ ತಿರುಗಿವ್ನಿ ಕಣಮ್ಮಿ."

ಒಳಗಿಂದ ಅವ್ವ, "ತೆಗುಸ್ದೆ ಇದ್ದುದ್ರ ಇನ್ನೂ ಅಕ್ಕಿ ಬತ್ತಿತ್ತು," ಅಂದಳು. ಹುಡುಗಿ ಆಗ ನಕ್ಕಳು, ಕಾಫಿಯನ್ನೂ ಕುಡಿದಳು.

ನನಗೆ ಮಾತ್ರ ನಗಲಾಗಲಿಲ್ಲ. ಯಾಕೆಂದರೆ ಆ ಎರಡು ಸೆಕೆಂಡು ನನ್ನದು. ಅವಳು ಬರೆಯುವಾಗ, "ಪ್ರೋಗ್ರಾಂ ಸತ್ತ ಮೇಲೆ ಎಷ್ಟು ಹೊತ್ತು ಕಾಯ್ಬೇಕು ಮೇಡಂ?" ಅಂತ ಕೇಳಿದ್ದಳು. ನಾನು ಯಾವುದೋ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆ, "ಎರಡು ಸೆಕೆಂಡು ಇಡು, ಸಾಕು," ಅಂದಿದ್ದೆ. ಒಳ್ಳೆಯ ಮಿಷಿನ್ನಿನಲ್ಲಿ ಅದು ಸಾಕು. ಹತ್ತು ಕೆಲಸ ಮೈಮೇಲೆ ಹೇರಿಕೊಂಡ ಮಿಷಿನ್ನಿನಲ್ಲಿ ಕರ್ನಲ್ ತನಗೆ ಬಿಡುವಾದಾಗ ಆ ಪಾಲನ್ನು ಕಳೆಯುತ್ತದೆ. ಅಷ್ಟರಲ್ಲಿ ನಮ್ಮ ಪರೀಕ್ಷೆ ಕಾರ್ಡು ನೋಡಿ, ಕಳೆದಿಲ್ಲ ಅಂತ ಬೊಬ್ಬೆ ಹಾಕುತ್ತದೆ. ಹೀಗಿರಬೇಕು ಅಂತ ಆ ಮೇಲು ಓದಿದಾಗಲೇ ನನಗೆ ಅನುಮಾನ ಬಂದಿತ್ತು.

"ಎರಡನ್ನ ಹತ್ತು ಮಾಡಿ ಕಳಿಸ್ಬುಡ್ಲಾ ಮೇಡಂ?" ಅಂದಳು ಹುಡುಗಿ.

ನಾನೂ ಆಗಲಿ ಅಂದೆ. ಅಷ್ಟು ಆತುರ ಇತ್ತು ನಮಗೆ. ಕಳಿಸುವ ಮುಂಚೆ ಲ್ಯಾಬಿನ ಮಿಷಿನ್ನಿನಲ್ಲಿ ಒಂದು ನೂರು ಸಲ ಓಡಿಸಿ ನೋಡೋಣ, ಎಷ್ಟು ಸಲ ಫೇಲಾಗುತ್ತದೆ ಅಂತ ತಿಳಿಯಲಿ ಅಂತ ಮಾತ್ರ ಮಾತಾಡಿಕೊಂಡೆವು.

ಸೋಮವಾರ ಬೆಳಗ್ಗೆ ಅವಳು ನನಗಿಂತ ಮೊದಲೇ ಲ್ಯಾಬಿನ ಬೀಗ ತೆಗೆದಿದ್ದಳು. ನೂರು ಸಲ ಓಡಿಸು ಅಂತ ಹೇಳಿ, ನಾನು ಆಫೀಸಿಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬಂದೆ. ಬರುವಷ್ಟರಲ್ಲಿ ಪರದೆಯ ತುಂಬ ಹಸಿರು ಅಕ್ಷರ. ನೂರಕ್ಕೆ ನೂರು ಪಾಸ್. ಬೆಳೆಗೆ ಮಳೆ ಬಿದ್ದ ಹಾಗೆ ನನ್ನ ಮೈಯೆಲ್ಲ ತಣ್ಣಗಾಯಿತು. ತಪ್ಪು ನಮ್ಮದಲ್ಲ, ಅವರ ಮಿಷಿನ್ನಿನದೇ ಏನೋ ಇರಬೇಕು ಅಂತ ಉತ್ತರ ಬರೆಯಲು ಮನಸ್ಸಿನಲ್ಲೇ ಸಾಲು ಜೋಡಿಸತೊಡಗಿದೆ.

ಹುಡುಗಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. "ಮೇಡಂ, ನೀವು ಸೈನ್ ಮಾಡಿ ಬರಕ್ಕೆ ಎಷ್ಟೊತ್ತಾಯ್ತು?"

"ಎರಡು ನಿಮಿಷ. ಯಾಕೆ?"

"ಒಂದೊಂದು ಸಲಕ್ಕೂ ಎರಡು ಸೆಕೆಂಡು ಕಾಯ್ಬೇಕಲ್ವಾ? ನೂರು ಸಲಕ್ಕೆ ಮೂರು ನಿಮಿಷದ ಮೇಲಾಗ್ಬೇಕು. ಇದು ನೀವು ಬಾಗಿಲು ದಾಟೋಕೆ ಮುಂಚೆನೇ ಮುಗ್ದಿತ್ತು."

ಇಬ್ಬರೂ ಪರದೆ ನೋಡುತ್ತ ಕೂತೆವು. ಹಸಿರು ಹಸಿರಾಗಿಯೇ ಇತ್ತು. ಆಮೇಲೆ ಫೈಲು ತೆಗೆದು ಮೊದಲಿಂದ ಓದಿದೆವು. ತಪ್ಪು ಸಿಗಲು ಐದು ನಿಮಿಷ ಹಿಡಿಯಲಿಲ್ಲ. ಗುಂಪು ಕಟ್ಟಬೇಕಾದರೆ ಮಿಷಿನ್ನಿನ ಮೇಲೆ ಪೂರ್ತಿ ಅಧಿಕಾರ ಬೇಕು. ನಮ್ಮ ಲ್ಯಾಬಿನಲ್ಲಿ ಆ ಪಾಸ್‌ವರ್ಡು ಅಂಟಿಸಿದ ಕವರಿನೊಳಗೆ ಪ್ರಿನ್ಸಿಪಾಲರ ಬೀರುವಿನಲ್ಲಿ ಇರುತ್ತದೆ, ನಮಗೂ ಕೊಡುವುದಿಲ್ಲ. ಅಧಿಕಾರ ಇಲ್ಲದೆ ಓಡಿದಾಗ ಪರೀಕ್ಷೆಗೆ ಗುಂಪೇ ಕಟ್ಟಲಾಗುವುದಿಲ್ಲ. ಆಗ ಏನು ಮಾಡಬೇಕು ಅಂತ ನಾವು ಬರೆದಿದ್ದೆವು: ಸದ್ದಿಲ್ಲದೆ ಹೊರಗೆ ಹೋಗು. ಸದ್ದಿಲ್ಲದೆ ಹೋದದ್ದನ್ನು ಮಿಷಿನ್ನು ಪಾಸ್ ಅಂತ ಓದುತ್ತದೆ.

ಆ ಸಾಲೂ ನನ್ನ ಬುದ್ಧಿವಂತಿಕೆಯೇ. ಪರದೆಯಲ್ಲಿ ಕೆಂಪು ಅಕ್ಷರ ಕಂಡರೆ ನಮ್ಮ ಮಕ್ಕಳು ಹೆದರಿ ಕೀಲಿಮಣೆಯಿಂದ ಕೈ ತೆಗೆದುಬಿಡುತ್ತಾರೆ. ಹಳ್ಳಿಯಿಂದ ಬಂದವರು, ಮಿಷಿನ್ನು ಕೆಟ್ಟುಹೋದರೆ ಯಾರು ಬೈತಾರೋ ಅನ್ನುವ ಭಯ. ಅದಕ್ಕೇ ನಮ್ಮ ಲ್ಯಾಬಿನ ಎಲ್ಲ ಅಭ್ಯಾಸದ ಪ್ರೋಗ್ರಾಂಗಳಲ್ಲೂ ನಾನು ಹಾಗೆ ಬರೆಸುತ್ತಿದ್ದೆ: ಆಗದಿದ್ದರೆ ಸುಮ್ಮನೆ ಹೊರಗೆ ಬಾ, ಬೊಬ್ಬೆ ಹಾಕಬೇಡ. ಮಕ್ಕಳ ಮೇಲಿನ ಮಮತೆ ಕರ್ನಲಿನ ಪರೀಕ್ಷೆಯೊಳಕ್ಕೂ ನುಗ್ಗಿಬಿಟ್ಟಿತ್ತು.

"ಅವತ್ತು ಮೈಸೂರ್ ಪಾಕ್ ಹಂಚುದ್ವಲ್ಲ ಮೇಡಂ," ಅಂದಳು ಹುಡುಗಿ, ಮೆಲ್ಲಗೆ.

ಹೌದು. ಮೊದಲ ಸಲ ಈ ಪರೀಕ್ಷೆ ಲ್ಯಾಬಿನಲ್ಲಿ ಪಾಸಾದ ದಿನ ನಾನು ಇಡೀ ಡಿಪಾರ್ಟ್‌ಮೆಂಟಿಗೆ ಮೈಸೂರ್ ಪಾಕ್ ಹಂಚಿದ್ದೆ. ಓಡದೇ ಇದ್ದ ಪರೀಕ್ಷೆಗೆ ಹಂಚಿದ ಸಿಹಿ. ಪ್ರಿನ್ಸಿಪಾಲರು ಎರಡು ತುಂಡು ತಿಂದಿದ್ದರು.

ಹತ್ತು ಸೆಕೆಂಡಿನ ಮಾತು ಅಲ್ಲಿಗೆ ನಿಂತಿತು. ಪೂರ್ತಿ ಅಧಿಕಾರ ಇರುವ ಮಿಷಿನ್ನು ಬೇಕಿತ್ತು, ಅದೂ ನಿಧಾನದ್ದಾದರೆ ಒಳ್ಳೆಯದು. ಅಂಥದ್ದು ಒಂದು ಇತ್ತು. ನನ್ನ ಹಳೆಯ ಲ್ಯಾಪ್‌ಟಾಪು, ಅಪ್ಪನ ಮನೆಯಲ್ಲಿ. ಅಪ್ಪ ಅದರಲ್ಲಿ ಊರೂರಿನ ಈರುಳ್ಳಿ ರೇಟು ನೋಡಿ, ಮಂಡಿಯ ಕೆಲಸ ಬಿಟ್ಟು ವರ್ಷಗಳಾದರೂ ಅಲ್ಲಿಯವರಿಗೆ ಫೋನು ಮಾಡಿ ಬುದ್ಧಿ ಹೇಳುತ್ತಿದ್ದ.

ಮುಂದಿನ ಭಾನುವಾರ ಮತ್ತೆ ಗುಂಡ್ಲುಪೇಟೆ. ದೊಡ್ಡರಸ್ತೆಯಲ್ಲಿ ಕೇರಳದ ಕಡೆಗೆ ತರಕಾರಿ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು, ಮನೆಯ ಕಿಟಕಿ ಗಾಜು ಅದುರುತ್ತಿತ್ತು. ಪರೀಕ್ಷೆ ಓಡಿಸಿದೆವು. ಈ ಸಲ ನಿಜವಾಗಿಯೂ ಓಡಿತು, ಎರಡೆರಡು ಸೆಕೆಂಡು ಕಾದುಕೊಂಡೇ ಓಡಿತು. ಪಾಸ್. ಮತ್ತೆ ಪಾಸ್. ಇಪ್ಪತ್ತು, ಮೂವತ್ತು ಸಲ ಆದರೂ ಪಾಸ್. ಫೇಲಾಗದ ಹೊರತು ತಿದ್ದಿದ್ದು ಸರಿಯಾಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಹುಡುಗಿಗೇ ಹೊಳೆಯಿತು. "ಇದಕ್ಕೆ ಬೇರೆ ಕೆಲಸ ಇಲ್ಲ ಮೇಡಂ, ಅದಕ್ಕೆ ಆರಾಮಾಗಿ ಅದೆ. ಇದರ ತಲೆ ಮೇಲೆ ಒಂದು ಮೂಟೆ ಹೊರಿಸನ." ಅಂದವಳೇ, ಬರೆದಿಟ್ಟ ಸಾಲುಗಳಿಂದ ಇಡೀ ಕರ್ನಲನ್ನು ಹೊಸದಾಗಿ ಕಟ್ಟುವ ಭಾರೀ ಕೆಲಸಕ್ಕೆ ಪಕ್ಕದಲ್ಲೇ ಅದನ್ನು ಹಚ್ಚಿದಳು. ಲ್ಯಾಪ್‌ಟಾಪಿನ ಫ್ಯಾನು ಬೋರ್‌ವೆಲ್ ಮೋಟಾರಿನ ಹಾಗೆ ಕೂಗತೊಡಗಿತು. ಏಳನೇ ಸಲಕ್ಕೆ ಪರೀಕ್ಷೆ ಫೇಲಾಯಿತು. ಹನ್ನೊಂದನೇ ಸಲಕ್ಕೆ ಇನ್ನೊಮ್ಮೆ. ಹುಡುಗಿ ಚಪ್ಪಾಳೆ ತಟ್ಟಿದಳು.

ಅವ್ವ ಸೌಟು ಹಿಡಿದೇ ಬಂದಳು. "ಏನ ಕೂಸು, ಪಾಸಾಯ್ತಾ?"

"ಇಲ್ಲ ಅಜ್ಜಿ, ಫೇಲಾಯ್ತು."

"ಅದ್ಕ ಚಪ್ಪಾಳ ಹೊಡ್ದೀಯಾ? ಎಂಥ ಮೇಷ್ಟ್ರಮ್ಮನತ್ರ ಕಲ್ತಿದ್ದಿಯೇ ನೀನು," ಅಂತ ನನ್ನನ್ನು ಒಂದು ನೋಟ ನೋಡಿ ಒಳಗೆ ಹೋದಳು.

ಆವತ್ತು ಮಧ್ಯಾಹ್ನದೊಳಗೆ ಮೂರು ಕೆಲಸ ಮಾಡಿದೆವು. ಎರಡು ಸೆಕೆಂಡು ಕಣ್ಣು ಮುಚ್ಚಿ ಕಾಯುವುದನ್ನು ತೆಗೆದುಹಾಕಿದೆವು. ಬದಲಿಗೆ ಘಳಿಗೆ ಘಳಿಗೆಗೂ ಹೋಗಿ ಕಾರ್ಡು ನೋಡಬೇಕು, ಕಳೆದಿದ್ದರೆ ಕೂಡಲೇ ಪಾಸ್ ಅಂತ ಬಂದುಬಿಡಬೇಕು; ಹದಿನೈದು ಸೆಕೆಂಡಾದರೂ ಕಳೆದಿಲ್ಲ ಅಂದರೆ ಆಗ ಫೇಲ್. ಇದು ಹುಡುಗಿಯದೇ ಯೋಚನೆ. ಬೇಗ ಮುಗಿಸುವ ಮಿಷಿನ್ನಿನಲ್ಲಿ ಬೇಗ ಮುಗಿಯುತ್ತದೆ, ನಿಧಾನದ್ದಕ್ಕೆ ಸಮಯ ಸಿಗುತ್ತದೆ. ಎರಡನೆಯದು, ಫೇಲಾದಾಗ ಬರೀ ಫೇಲ್ ಅನ್ನದೆ, ಎಷ್ಟು ಇರಬೇಕಿತ್ತು, ಎಷ್ಟು ಕಂಡಿತು ಅಂತಲೂ ಹೇಳಬೇಕು. ಮೂರನೆಯದು ನನ್ನ ಮಮತೆಯ ಸಾಲು. ಅಧಿಕಾರ ಇಲ್ಲದಿದ್ದರೆ ಸದ್ದಿಲ್ಲದೆ ಹೋಗುವ ಹಾಗಿಲ್ಲ. "ಪರೀಕ್ಷೆ ಮಾಡಲಿಲ್ಲ, ಅಧಿಕಾರ ಇಲ್ಲ" ಅಂತ ಬಾಯಿಬಿಟ್ಟು ಹೇಳಿ ಹೋಗಬೇಕು.

ಫ್ಯಾನು ಕೂಗುತ್ತಿದ್ದಂತೆಯೇ ಹೊಸದನ್ನು ಇನ್ನೂರು ಸಲ ಓಡಿಸಿದೆವು. ಒಂದೂ ಫೇಲಾಗಲಿಲ್ಲ. ಹುಡುಗಿ ಮೇಲು ಬರೆಯಲು ಕೂತಳು.

ಅಪ್ಪ ಅಷ್ಟು ಹೊತ್ತೂ ಚಾಪೆಯ ಮೇಲೆ ಅಡ್ಡಾಗಿ ಎಲ್ಲ ಕೇಳಿಸಿಕೊಂಡಿದ್ದ. ಲ್ಯಾಬಿನ ಕತೆಯನ್ನೂ ಅವನಿಗೆ ಹೇಳಿದ್ದೆವು, ಮೈಸೂರ್ ಪಾಕಿನ ಸಮೇತ. ಎದ್ದು ಕೂತು ಕೇಳಿದ: "ಈಗ ಎಲ್ಲ ಸಲನೂ ಪಾಸ್ ಅಂತದ, ಅಲ್ವಾ?"

"ಹೂಂ ತಾತ."

"ಅಲ್ಲೂ ಎಲ್ಲ ಸಲನೂ ಪಾಸ್ ಅಂದಿತ್ತಲ್ಲ, ನಿಮ್ಮ ಕಾಲೇಜಲ್ಲಿ. ಸುಳ್ಳು ಮೂಟೆ ಹಾಕಿ ನೋಡುದ್ರಾ?"

ಹುಡುಗಿ ನನ್ನ ಮುಖ ನೋಡಿದಳು. ಸುಳ್ಳು ಮೂಟೆ ಅಂದರೆ ಏನು ಅಂತ ನನಗೆ ಗೊತ್ತಿತ್ತು, ಆದರೆ ಇಲ್ಲಿಗೂ ಅದು ಬರುತ್ತದೆ ಅಂತ ಹೊಳೆದಿರಲಿಲ್ಲ.

ಅಪ್ಪ ಈರುಳ್ಳಿ ಮಂಡಿಯಲ್ಲಿ ತೂಕ ಹಾಕುತ್ತಿದ್ದವನು. ನೆಲದ ಮೇಲೆ ಇಡುವ ಹಳೇ ಕಾಲದ ಕಬ್ಬಿಣದ ತೂಕದ ಮಿಷಿನ್ನು ಆಗ. ಈರುಳ್ಳಿ ಸಿಪ್ಪೆ, ಮಣ್ಣು ಅದರ ಕೀಲಿನೊಳಗೆ ಸಿಕ್ಕಿಕೊಂಡರೆ ಸಣ್ಣ ವ್ಯತ್ಯಾಸಕ್ಕೆ ಅದು ಅಲುಗುವುದೇ ಇಲ್ಲ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಎಲ್ಲರೂ ತೂಕದ ಕಲ್ಲು ಇಟ್ಟು ನೋಡುತ್ತಿದ್ದರು. ಇಪ್ಪತ್ತು ಕೇಜಿ ಕಲ್ಲಿಗೆ ಇಪ್ಪತ್ತು ಅಂದರೆ ಮಿಷಿನ್ನು ಸರಿ ಅಂತ ಕೆಲಸ ಶುರು. ಅಪ್ಪ ಮಾತ್ರ ಅದಾದ ಮೇಲೆ ಇನ್ನೊಂದು ಮೂಟೆ ತರುತ್ತಿದ್ದ. ಮೇಲೆ ಐವತ್ತು ಅಂತ ಬಣ್ಣದಲ್ಲಿ ಬರೆದಿತ್ತು, ಒಳಗೆ ಇದ್ದದ್ದು ನಲವತ್ತೊಂಬತ್ತು. ಮಿಷಿನ್ನಿನ ಗುಂಡನ್ನು ಐವತ್ತರ ಗೆರೆಗೆ ಸರಿಸಿ ಅದನ್ನಿಟ್ಟಾಗ, ಕಡಿಮೆ ಇದೆ ಅಂತ ತೋರಿಸದೆ ಐವತ್ತೇ ಅಂದುಬಿಟ್ಟರೆ ಆ ದಿನ ಅದರ ಮೇಲೆ ಯಾವ ರೈತನ ಮಾಲನ್ನೂ ಹತ್ತಿಸುತ್ತಿರಲಿಲ್ಲ, ಬಿಚ್ಚಿ ತೊಳೆದೇ ಮುಂದಿನ ಮಾತು. ಹಮಾಲರು ಅದಕ್ಕೆ ಸುಳ್ಳು ಮೂಟೆ ಅಂತ ಹೆಸರಿಟ್ಟಿದ್ದರು. "ಬಂದ್ರು ಕಣ್ಲಾ, ಸುಳ್ಳಪ್ಪನೋರು ಬಂದ್ರು," ಅಂತ ಅಪ್ಪನನ್ನು ಆಡಿಕೊಳ್ಳುತ್ತಿದ್ದದ್ದೂ ಉಂಟು.

"ನಿಜಕ್ಕ ತಲೆ ಆಡ್ಸದು ಎಲ್ಲ ಮಿಸಿನ್ನೂ ಮಾಡ್ತದ," ಅಂದ ಅಪ್ಪ ಹುಡುಗಿಗೆ. "ಸುಳ್ಳ ಇಟ್ಟಾಗ ಏನಂತದ ಅಂತ ನೋಡು ಕೂಸು. ಆಮೇಲ ಕಳ್ಸು."

ಸುಳ್ಳು ಮೂಟೆ ಅಂದರೆ ಇಲ್ಲಿ ಬೇಕೆಂದೇ ಕೆಡಿಸಿದ ಕರ್ನಲ್. ಸತ್ತವರ ಪಾಲು ಕಳೆಯುವ ಒಂದು ಸಾಲಿದೆಯಲ್ಲ, ಅದನ್ನೇ ಅಳಿಸಿ ಕಟ್ಟಬೇಕು. ಆಗ ಪಾಲು ಎಂದೆಂದಿಗೂ ಕಳೆಯುವುದಿಲ್ಲ, ಪರೀಕ್ಷೆ ಫೇಲಾಗಲೇಬೇಕು. ಅಳಿಸಲು ಒಂದು ನಿಮಿಷ. ಕಟ್ಟಲು ಆ ಮುದಿ ಲ್ಯಾಪ್‌ಟಾಪಿಗೆ ಗಂಟೆಗಟ್ಟಲೆ. ಮೂರು ಗಂಟೆಗೆ ಕರೆಂಟು ಹೋಯಿತು, ಬ್ಯಾಟರಿ ಕಾಲು ಗಂಟೆಯೂ ನಿಲ್ಲಲಿಲ್ಲ. ಕೊನೆಗೆ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಚಾಮರಾಜನಗರಕ್ಕೆ ಬಸ್ಸು ಹತ್ತಿದೆ. ಸೋಮವಾರ ಸ್ಟಾಫ್ ರೂಮಿನ ಮೂಲೆಯಲ್ಲಿ ಹಚ್ಚಿಟ್ಟೆವು. ಮಂಗಳವಾರ ಊಟದ ಹೊತ್ತಿಗೆ ಕೆಟ್ಟ ಕರ್ನಲ್ ಸಿದ್ಧವಾಯಿತು.

ಪರೀಕ್ಷೆ ಓಡಿಸಿದೆವು. ಅದು ಕಾಯುತ್ತ ಕೂತಿತು. ಹದಿನೈದು ಸೆಕೆಂಡೂ ಕಾದಿತು. ಆಮೇಲೆ ಒಂದು ಸಾಲು ಬರೆಯಿತು: ಇಷ್ಟು ಇರಬೇಕಿತ್ತು, ಇನ್ನೂ ಇಷ್ಟು ಇದೆ. ಅದರ ಕೆಳಗೇ ಹಸಿರಿನಲ್ಲಿ, ಪಾಸ್.

ಹುಡುಗಿಯ ಊಟದ ಡಬ್ಬಿ ತೆರೆದೇ ಇತ್ತು. ಇಬ್ಬರೂ ಮತ್ತೆ ಫೈಲು ತೆಗೆದು ಓದಿದೆವು. ಹೊತ್ತು ಮೀರಿದಾಗ ತಪ್ಪನ್ನು ಬಾಯಲ್ಲಿ ಹೇಳುವ ಸಾಲು ಬರೆದಿದ್ದೆವು, ಫೇಲ್ ಅಂತ ಹಿಂದಿರುಗುವ ಸಾಲು ಬರೆಯಲು ಮರೆತಿದ್ದೆವು. ಇನ್ನೂರು ಸಲ ಫೇಲಾಗಲಿಲ್ಲ ಅಂತ ಹಿಗ್ಗಿದೆವಲ್ಲ, ಎರಡು ಸಾವಿರ ಸಲ ಓಡಿಸಿದ್ದರೂ ಅದು ಫೇಲಾಗುತ್ತಿರಲಿಲ್ಲ. ಪರೀಕ್ಷೆಯನ್ನು ನಾವು ಸರಿ ಮಾಡಿರಲಿಲ್ಲ, ಅದರ ಬಾಯಿ ಕಟ್ಟಿದ್ದೆವು. ಭಾನುವಾರ ಹಾಗೇ ಕಳಿಸಿದ್ದರೆ ಉಸ್ತುವಾರಿಯವರಿಗೆ ಸಂತೋಷ, ನಮಗೂ ಸಂತೋಷ. ಅವಳ ಹೆಸರು ಹೊತ್ತ ಫೈಲು ವರ್ಷಾನುಗಟ್ಟಲೆ ಎಲ್ಲದಕ್ಕೂ ತಲೆಯಾಡಿಸುತ್ತ ಅಲ್ಲೇ ಕೂತಿರುತ್ತಿತ್ತು.

"ತಾತಂಗೆ ಹೇಳ್ಬೇಡಿ ಮೇಡಂ," ಅಂದಳು.

"ಹೇಳ್ದೆ ಇರಕ್ಕಾಗ್ತದಾ? ಇವತ್ತೇ ಫೋನು ಮಾಡಿ ಕೇಳ್ತಾನೆ ನೋಡು," ಅಂದೆ. ಕೇಳಿದ ಕೂಡ. ನಕ್ಕು, "ಸಿಪ್ಪೆ ಸಿಕ್ಕಂಡಿತ್ತು ಅನ್ನು," ಅಂದ, ಅಷ್ಟೇ.

ಒಂದು ಸಾಲು ಸೇರಿಸಿದೆವು. ಕೆಟ್ಟ ಕರ್ನಲಿನ ಮೇಲೆ ಓಡಿಸಿದರೆ ಪ್ರತಿ ಸಲವೂ ಫೇಲ್. ಸರಿಯಾದದ್ದರ ಮೇಲೆ, ಎಷ್ಟೇ ಕೆಲಸ ಹೇರಿದರೂ, ಪಾಸ್. ಲ್ಯಾಬಿನಲ್ಲಿ ಅಧಿಕಾರ ಇಲ್ಲದೆ ಓಡಿಸಿದರೆ, ಪರೀಕ್ಷೆ ಮಾಡಲಿಲ್ಲ ಅಂತ ಹೇಳುತ್ತದೆ. ಮೂರನ್ನೂ ಬುಧವಾರ ಎರಡೆರಡು ಸಲ ನೋಡಿದೆವು.

ಗುರುವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಮೇಲು ಬರೆಯಲು ಕೂತಾಗ ನಮ್ಮಿಬ್ಬರಿಗೂ ಸಣ್ಣ ಜಗಳವೇ ಆಯಿತು. ಆ ಎರಡು ಸೆಕೆಂಡೂ, ಸದ್ದಿಲ್ಲದೆ ಹೊರಗೆ ಹೋಗುವ ಸಾಲೂ ನಾನು ಹೇಳಿಕೊಟ್ಟದ್ದು ಅಂತ ಬರೆ ಅಂದೆ.

"ಬೇಡ ಮೇಡಂ. ಆ ಮೇಲು ಲೋಕ ಎಲ್ಲ ಓದ್ತದೆ. ನಾಳೆ ನಿಮ್ಮ ಸ್ಟೂಡೆಂಟ್ಸೇ ಹುಡುಕಿ ಓದ್ತಾರೆ."

"ಓದ್ಲಿ ಕಣಮ್ಮಿ. ನಿನ್ನ ತಲೆ ಮೇಲೆ ನನ್ನ ತಪ್ಪು ಯಾಕೆ ಕೂರ್ಬೇಕು?"

"ಬರ್ದದ್ದು ನಾನಲ್ವಾ? ನೀವು ಬಾವಿಗೆ ಬೀಳು ಅಂದಿದ್ರೆ ಬೀಳ್ತಿದ್ನಾ?"

"ಬಿದ್ದೇ ಬಿಟ್ಟಿದ್ಯಲ್ಲ," ಅಂದೆ. ಇಬ್ಬರಿಗೂ ನಗು ಬಂತು. ಕೊನೆಗೆ ಎರಡು ಸಾಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆವು, ತಪ್ಪು ಇಬ್ಬರದೂ ಅಂತ. ಕೆಟ್ಟ ಕರ್ನಲಿನ ಮೇಲೆ ಓಡಿಸಿ ನೋಡಿದ್ದನ್ನೂ ಬರೆದೆವು. ಅವಳು ಗುಂಡಿ ಒತ್ತುವಾಗ ಕಣ್ಣು ಮುಚ್ಚಿಕೊಂಡಿದ್ದಳು.

ಶುಕ್ರವಾರ ಉತ್ತರ ಬಂತು. ಒಂದೇ ತಿದ್ದುಪಡಿಯಾಗಿ ಕಳಿಸಬೇಡಿ, ಮೂರು ಕೆಲಸಕ್ಕೆ ಮೂರು ಪ್ಯಾಚ್ ಮಾಡಿ. ಪ್ರೋಗ್ರಾಂನೊಳಗೆ ಒಂದು ಕಡೆ ಇಟ್ಟ ಹೆಸರು ಉದ್ದವಾಯಿತು, ಗಿಡ್ಡ ಮಾಡಿ. ಅವರ ಕಡೆ ಅದೇ ರೂಢಿ. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಬೇಕೆಂದೇ ಕೆಡಿಸಿ ನೋಡಬೇಕು ಅಂತ ನಿಮಗೆ ಹೇಗೆ ತೋಚಿತು, ಬಹಳ ಜನ ಇದನ್ನು ಮಾಡುವುದಿಲ್ಲ. ಹುಡುಗಿ ಮುಚ್ಚುಮರೆಯಿಲ್ಲದೆ ಬರೆದಳು, ನಮ್ಮ ಮೇಡಂ ಅವರ ತಂದೆ ಈರುಳ್ಳಿ ಮಂಡಿಯಲ್ಲಿ ತೂಕ ಹಾಕುತ್ತಿದ್ದರು, ಅವರ ಬಳಿ ಹೀಗೊಂದು ಮೂಟೆ ಇತ್ತು ಅಂತ. ಅದನ್ನೂ ಪ್ಯಾಚಿನ ಜೊತೆಗಿನ ವಿವರಣೆಯಲ್ಲಿ ಸೇರಿಸಿ ಕಳಿಸಿ ಅಂತ ಮತ್ತೆ ಉತ್ತರ.

ಶನಿವಾರ ಮೂರೂ ಪ್ಯಾಚು ಸೇರಿದವು. ಕೊಟ್ಟ ಎರಡು ವಾರ ಅವತ್ತು ರಾತ್ರಿಗೇ ಮುಗಿಯುತ್ತಿತ್ತು.

ನಾನು ಓದಿದವಳು, ಹತ್ತಾರು ವರ್ಷ ಪಾಠ ಹೇಳಿದವಳು, ನನ್ನ ಹೆಸರು ಅಲ್ಲಿ ಇಲ್ಲಿ ಅಚ್ಚಾಗಿದೆ. ಆದರೆ ಭೂಮಿ ಮೇಲಿನ ಎಷ್ಟೋ ಮಿಷಿನ್ನುಗಳೊಳಗೆ ಇರುವ ಕರ್ನಲಿನ ಚರಿತ್ರೆಯಲ್ಲಿ, ಹರವೆಯ ಹುಡುಗಿಯ ಹೆಸರಿನ ಕೆಳಗೆ, ಗುಂಡ್ಲುಪೇಟೆ ಮಂಡಿಯ ಒಂದು ಮೂಟೆಯ ಮಾತು ಬಂದದ್ದನ್ನು ಓದಿದಾಗ ಆದ ಹಿಗ್ಗು ಬೇರೆ. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿದೆ, ಕೇಳದವರಿಗೂ ಕೇಳಿಸಿದೆ. ಅಪ್ಪನಿಗೆ ಫೋನಿನಲ್ಲಿ ಕನ್ನಡ ಮಾಡಿ ಹೇಳಿದೆ. ಅವನು ಕೇಳಿದ್ದು ಒಂದೇ:

"ಒಳಗ ಮರಳು ತುಂಬಿದ್ದೆ ಅಂತ ಬರ್ದಿದ್ದೀರಾ?"

"ಇಲ್ಲ ಅಪ್ಪ. ಯಾಕೆ?"

"ಈರುಳ್ಳಿ ಅನ್ಕಂಡಾರು. ಈರುಳ್ಳಿ ತುಂಬುದ್ರ ಒಣಗಿ ದಿನಾ ತೂಕ ಇಳೀತದ, ನಲವತ್ತೊಂಬತ್ತು ನಿಲ್ಲದಿಲ್ಲ. ಗೊತ್ತಿಲ್ದೆ ಮಾಡುದ್ರು ಅಂತ ನಗ್ತಾರ ಕಣಮ್ಮಿ, ಬರಿ ಅದ್ನೂವೆ."

ಅದನ್ನು ಬರೆಯಲು ಆಗಲಿಲ್ಲ, ಪ್ಯಾಚು ಆಗಲೇ ಸೇರಿಹೋಗಿತ್ತು. ಇಲ್ಲಿ ಬರೆದಿದ್ದೇನೆ.

ಮೂರು ತಿಂಗಳಾದ ಮೇಲೆ ಬೇರೆ ಯಾವುದೋ ದೇಶದ ಒಬ್ಬರು ಕರ್ನಲಿನ ಆ ಭಾಗವನ್ನು ಚುರುಕು ಮಾಡಲು ಒಂದು ದೊಡ್ಡ ಪ್ಯಾಚು ಕಳಿಸಿದರು. ಮಿಷಿನ್ನುಗಳು ತಮ್ಮಷ್ಟಕ್ಕೆ ಪರೀಕ್ಷೆಗಳನ್ನು ಓಡಿಸಿದವು. ಉಳಿದದ್ದೆಲ್ಲ ಪಾಸ್ ಅಂದವು, ಹುಡುಗಿಯದು ಮಾತ್ರ ಫೇಲ್ ಅಂದಿತು. ಎಲ್ಲ ಮಿಷಿನ್ನಿನಲ್ಲೂ, ಪ್ರತಿ ಸಲವೂ. ಎಷ್ಟು ಇರಬೇಕಿತ್ತು, ಎಷ್ಟು ಉಳಿದಿದೆ ಅಂತ ಲೆಕ್ಕವನ್ನೂ ಕೊಟ್ಟಿತ್ತು.

ಪ್ಯಾಚು ಕಳಿಸಿದವರು ತಮ್ಮ ಕೆಲಸವನ್ನು ಮತ್ತೆ ನೋಡಿಕೊಂಡರು. ಒಂದು ದಾರಿಯಲ್ಲಿ ಸತ್ತ ಪ್ರೋಗ್ರಾಂನ ಪಾಲನ್ನು ಕಳೆಯುವುದು ಅವರಿಂದ ಬಿಟ್ಟುಹೋಗಿತ್ತು. ಪ್ಯಾಚನ್ನು ವಾಪಸು ತೆಗೆದುಕೊಂಡು, ಎರಡು ದಿನ ಬಿಟ್ಟು ಸರಿ ಮಾಡಿದ್ದನ್ನು ಕಳಿಸಿದರು. ತಪ್ಪು ಹಿಡಿದದ್ದು ಈ ಪರೀಕ್ಷೆ ಅಂತ ಒಂದು ಸಾಲು ಬರೆದು, ಹುಡುಗಿಯ ವಿಳಾಸಕ್ಕೂ ಒಂದು ಪ್ರತಿ ಹಾಕಿದ್ದರು.

ಅವಳು ಆ ಮೇಲನ್ನು ಲ್ಯಾಬಿನ ಬಾಗಿಲಲ್ಲಿ ನಿಂತು ನನಗೆ ತೋರಿಸಿದಳು. ನಾನು ಓದಿ ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಬ್ಯಾಚಿನ ಮಕ್ಕಳು ಮೆಟ್ಟಿಲು ಹತ್ತಿ ಬಂದರು. ಅವಳು ಬೀಗ ತೆಗೆದು ಅವರನ್ನು ಒಳಗೆ ಬಿಟ್ಟಳು.